ಕಾಲನ್ನೇ ಸೌದೆ ಮಾಡಿದ ದೆವ್ವ ಮತ್ತು ನಮ್ಮ ವಿಠಲಾಚಾರ್ಯರು

ಒಲೆ ಮೇಲೆ ಪಾತ್ರೆ ಇದೆ. ಒಲೆಯೊಳಗೆ ಸೌದೆ ಇಲ್ಲ. ಅಡುಗೆಗೆ ಕೂತ ಹೆಣ್ಣು ಎದ್ದು ಹೋಗಿ ಸೌದೆ ತರೋದಿಲ್ಲ, ತನ್ನ ಕಾಲನ್ನೇ ಒಲೆಗೆ ಚಾಚ್ತಾಳೆ. ಕಾಲು ಸೌದೆ ಹಾಗೆ ಉರಿಯುತ್ತೆ, ಅಡುಗೆ ಬೇಯುತ್ತೆ. 1978ರಲ್ಲಿ ಬಂದ ತೆಲುಗು ಚಿತ್ರ ‘ಜಗನ್ಮೋಹಿನಿ’ಯ ದೃಶ್ಯ ಇದು. ಅಡುಗೆ ಮಾಡ್ತಿರೋದು ದೆವ್ವ. ಚಿಕ್ಕವರಿದ್ದಾಗ ಇದನ್ನು ನೋಡಿದವರಿಗೆ ಕಥೆ ಮರೆತುಹೋಗಿರಬಹುದು, ನಟರ ಹೆಸರು ಮರೆತುಹೋಗಿರಬಹುದು. ಆ ಕಾಲು ಮಾತ್ರ ಮರೆಯೋದಿಲ್ಲ.

ಈಗ ಇದನ್ನು ಎಂಜಿನಿಯರಿಂಗ್ ವಿದ್ಯಾರ್ಥಿಗಳ ಥರ ನೋಡೋಣ. ಈ ದೃಶ್ಯಕ್ಕೆ ಬೇಕಾದದ್ದೇನು? ಒಂದು ಮಣ್ಣಿನ ಒಲೆ, ಒಂದು ಪಾತ್ರೆ, ಒಂದು ಜೊತೆ ಸುಳ್ಳು ಕಾಲು, ಒಬ್ಬ ನಟಿ. ಕೋಟೆ ಬೇಡ, ಸೈನ್ಯ ಬೇಡ, ನೂರು ಜನ ಬೇಡ. ನಾಲ್ಕು ದಶಕ ಕಳೆದ ಮೇಲೂ ಜನರ ನೆನಪಿನಲ್ಲಿ ಉಳಿದಿರೋ ಒಂದು ಹೆದರಿಕೆ ಇಷ್ಟು ಸಾಮಾನಿನಲ್ಲಿ ತಯಾರಾಗಿದೆ. ಇದನ್ನು ಮಾಡಿದವರು ಉಡುಪಿ ಕಡೆಯವರು, ಕನ್ನಡದವರು. ಓದಿದ್ದು ಮೂರನೇ ಕ್ಲಾಸು. ಹೆಸರು ಬಿ. ವಿಠಲಾಚಾರ್ಯ. ತೆಲುಗಿನವರು ಅವರನ್ನು ಜಾನಪದ ಬ್ರಹ್ಮ ಅಂತ ಕರೀತಾರೆ. ನಮ್ಮಲ್ಲಿ ಎಷ್ಟು ಜನಕ್ಕೆ ಆ ಹೆಸರು ಗೊತ್ತು?

ನಮ್ಮ ಕನ್ನಡ ಸಂಘದವರು ಈ ಸಲದ ಫೆಸ್ಟ್‌ಗೆ ಒಂದು ದೆವ್ವದ ಕಿರುಚಿತ್ರ ಮಾಡೋಣ ಅಂತ ಮೂರು ಸಲ ಕೂತು ಮಾತಾಡಿದ್ದೇವೆ. ಮೂರು ಸಲವೂ ಮಾತು ಕ್ಯಾಮೆರಾ ಬಾಡಿಗೆ ಹತ್ತಿರ ಬಂದು ನಿಂತಿದೆ. ಹಾಗಾಗಿ ದುಡ್ಡಿಲ್ಲದೆ ದೆವ್ವ ಹುಟ್ಟಿಸಿದವರ ಬದುಕನ್ನು ಒಮ್ಮೆ ಪೂರ್ತಿ ತಿಳ್ಕೊಳ್ಳೋಣ ಅನ್ನಿಸಿತು.

ವಿಠಲಾಚಾರ್ಯರು ಹುಟ್ಟಿದ್ದು 1920ರಲ್ಲಿ, ಉಡುಪಿ ಹತ್ತಿರದ ಉದ್ಯಾವರದಲ್ಲಿ. ಮನೆಯಲ್ಲಿ ಏಳನೇ ಮಗು. ತಂದೆ ಆಯುರ್ವೇದದ ವೈದ್ಯರು, ದುಡ್ಡು ತಗೊಳ್ಳದೆ ಔಷಧಿ ಕೊಡ್ತಿದ್ದವರು. ಹುಡುಗನಿಗೆ ಪಾಠಕ್ಕಿಂತ ಯಕ್ಷಗಾನ, ಬಯಲಾಟದ ಹುಚ್ಚು. ಕರಾವಳಿಯ ಬಯಲಾಟ ನೋಡಿದವರಿಗೆ ಇದು ಅರ್ಥ ಆಗುತ್ತೆ. ಅಲ್ಲಿ ಪರದೆಯ ಹಿಂದಿಂದ ರಾಕ್ಷಸ ಬರೋಕೆ ಮೊದಲೇ ಚೆಂಡೆ ಶಬ್ದಕ್ಕೆ ಮಕ್ಕಳು ಅಮ್ಮನ ಸೆರಗು ಹಿಡೀತಾರೆ. ಬಣ್ಣ, ಕಿರೀಟ, ಪಂಜಿನ ಬೆಳಕು, ಒಂದು ಕೂಗು: ಅಷ್ಟರಲ್ಲೇ ರಾಕ್ಷಸ ತಯಾರು. ಹಿಂದೆ ಸೆಟ್ಟೂ ಇಲ್ಲ, ಏನೂ ಇಲ್ಲ.

ಒಂಬತ್ತನೇ ವಯಸ್ಸಿಗೆ ಹುಡುಗ ಮನೆ ಬಿಟ್ಟು ಹೊಟ್ಟೆಪಾಡಿಗೆ ಘಟ್ಟ ಹತ್ತಿ ಅರಸೀಕೆರೆಗೆ ಬಂದ. ಸಿಕ್ಕ ಕೆಲಸ ಎಲ್ಲ ಮಾಡಿ, ಕೊನೆಗೆ ಸಂಬಂಧಿಕರೊಬ್ಬರಿಂದ ಒಂದು ಉಡುಪಿ ಹೋಟೆಲು ಕೊಂಡುಕೊಂಡು ಚೆನ್ನಾಗಿಯೇ ನಡೆಸಿದ. ಅರಸೀಕೆರೆ ರೈಲ್ವೆ ಜಂಕ್ಷನ್. ರೈಲು ನಿಂತಷ್ಟು ಹೊತ್ತಿನಲ್ಲಿ ಗಿರಾಕಿಗೆ ಏನು ಬೇಕು, ಯಾವುದಕ್ಕೆ ಎಷ್ಟು ಖರ್ಚು ಬೀಳುತ್ತೆ, ಏನು ಉಳಿದರೆ ನಷ್ಟ ಅನ್ನೋದನ್ನು ಅಂಥ ಊರಿನ ಹೋಟೆಲಿನವನಿಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ. ಮುಂದೆ ಮದ್ರಾಸಿನ ದೊಡ್ಡ ದೊಡ್ಡ ನಿರ್ಮಾಪಕರು ಸಾಲದಲ್ಲಿ ಮುಳುಗುವಾಗ ಇವರು ಮುಳುಗಲಿಲ್ಲ. ಅದಕ್ಕೆ ಕಾರಣ ಹುಡುಕೋರು ಈ ಹೋಟೆಲಿನ ಗಲ್ಲಾಪೆಟ್ಟಿಗೆಯಿಂದಲೇ ಶುರು ಮಾಡಬೇಕು ಅಂತ ನಮಗೆ ಅನ್ನಿಸುತ್ತೆ.

1942ರ ಕ್ವಿಟ್ ಇಂಡಿಯಾ ಚಳವಳಿ ಬಂತು. ಗೆಳೆಯರ ಜೊತೆ ಸೇರಿ ಜೈಲಿಗೂ ಹೋದರು. ಹೊರಗೆ ಬಂದ ಮೇಲೆ ಹೋಟೆಲನ್ನು ತಮ್ಮನಿಗೆ ಒಪ್ಪಿಸಿ, ಗೆಳೆಯ ಡಿ. ಶಂಕರ್ ಸಿಂಗ್ ಮತ್ತಿತರರ ಜೊತೆ ಹಾಸನ ಜಿಲ್ಲೆಯಲ್ಲಿ ಟೂರಿಂಗ್ ಟಾಕೀಸ್ ಶುರು ಮಾಡಿದರು. ಅದರ ಉಸ್ತುವಾರಿ ಪೂರ್ತಿ ವಿಠಲಾಚಾರ್ಯರದ್ದೇ. ಒಂದಿದ್ದ ಟೆಂಟು ನಾಲ್ಕಾಯಿತು.

ಟೂರಿಂಗ್ ಟಾಕೀಸ್ ಅಂದ್ರೆ ನಮ್ಮಲ್ಲಿ ತುಂಬಾ ಜನಕ್ಕೆ ಹೆಸರು ಮಾತ್ರ ಗೊತ್ತು. ನಮ್ಮ ಕೆ.ಆರ್.ಪೇಟೆ ಗಡಿ ದಾಟಿದರೆ ಚನ್ನರಾಯಪಟ್ಟಣ, ಅಲ್ಲಿಂದಲೇ ಹಾಸನ ಜಿಲ್ಲೆ. ಹಾಗಾಗಿ ಇದು ಬೇರೆ ಲೋಕದ ಕಥೆಯಲ್ಲ, ಪಕ್ಕದ ಊರಿಂದು. ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಆಡೋ ಹೊತ್ತಿಗೆ ಊರಾಚೆ ಬಯಲಲ್ಲಿ ಟೆಂಟು ಏಳುತ್ತಿತ್ತು. ಮುಂದೆ ಮರಳಿನ ನೆಲ, ಅದರ ಹಿಂದೆ ಬೆಂಚು, ಕೊನೆಯಲ್ಲಿ ಕುರ್ಚಿ. ಟೆಂಟಿನ ಮೇಲೆ ಕಟ್ಟಿದ ಲೌಡ್ ಸ್ಪೀಕರಿನಲ್ಲಿ ಹಾಡು ಹಾಕಿದರೆ ಸುತ್ತಲ ಹಳ್ಳಿಗೆಲ್ಲ ಆಟ ಶುರುವಾಗುತ್ತೆ ಅಂತ ಸೂಚನೆ. ಎಷ್ಟೋ ಟೆಂಟಿನಲ್ಲಿ ಇದ್ದದ್ದು ಒಂದೇ ಪ್ರೊಜೆಕ್ಟರ್. ಸಾವಿರ ಅಡಿಯ ರೀಲು ಓಡೋದು ಸುಮಾರು ಹನ್ನೊಂದು ನಿಮಿಷ. ಒಂದೇ ಪ್ರೊಜೆಕ್ಟರ್ ಇದ್ದ ಕಡೆ ರೀಲು ಬದಲಾಯಿಸುವಾಗೆಲ್ಲ ದೀಪ ಹತ್ತುತ್ತಿತ್ತು, ಆಗೆಲ್ಲ ಜನ ಮಾತಾಡ್ತಿದ್ರು. ಯಾವ ದೃಶ್ಯದಲ್ಲಿ ಬೀಡಿ ಹಚ್ಚುತ್ತಾರೆ, ಯಾವಾಗ ಮಕ್ಕಳು ಅಳ್ತಾವೆ, ಎಲ್ಲಿ ಟೆಂಟೆಲ್ಲ ಉಸಿರು ಬಿಗಿ ಹಿಡಿಯುತ್ತೆ ಅನ್ನೋದು ಟೆಂಟು ನಡೆಸುವವನ ಕಣ್ಣೆದುರೇ ಇರುತ್ತಿತ್ತು. ನಾವು ನಾಲ್ಕು ವರ್ಷ ಲ್ಯಾಬಿನಲ್ಲಿ ರೀಡಿಂಗ್ ತಗೊಳ್ಳೋ ಹಾಗೆ ಅವರು ಪ್ರತಿ ರಾತ್ರಿ ರೀಡಿಂಗ್ ತಗೊಂಡರು ಅನ್ನಿ. ಬಂದ ಒಂದೊಂದು ಚಿತ್ರವನ್ನೂ ಗಮನವಿಟ್ಟು ನೋಡಿದರು. ಸಿನಿಮಾ ಮಾಡೋದನ್ನು ಕಲಿತದ್ದು ಅಲ್ಲೇ. ಬೇರೆ ಕಾಲೇಜು ಇರಲಿಲ್ಲ.

1944ರಲ್ಲಿ ಬೆಂಗಳೂರಿನ ಜಯಲಕ್ಷ್ಮಿಯವರ ಜೊತೆ ಮದುವೆ. ಆಮೇಲೆ ಮೈಸೂರಿಗೆ ಬಂದು ಶಂಕರ್ ಸಿಂಗ್ ಮತ್ತು ಗೆಳೆಯರ ಜೊತೆ ಮಹಾತ್ಮ ಪಿಕ್ಚರ್ಸ್ ಕಟ್ಟಿದರು. ನಾವು ಪಾಂಡವಪುರದಿಂದ ಬಸ್ಸು ಹತ್ತಿದರೆ ಒಂದು ಗಂಟೆಯಲ್ಲಿ ಇಳಿಯೋ ಅದೇ ಮೈಸೂರು. ಮದ್ರಾಸಿಗೆ ಹೋಗದೆ ಕನ್ನಡ ನೆಲದಲ್ಲೇ ಕನ್ನಡ ಸಿನಿಮಾ ಮಾಡ್ತೀವಿ ಅಂತ ಹೊರಟ ಮೊದಮೊದಲ ಕಂಪನಿಗಳಲ್ಲಿ ಅದೂ ಒಂದು. 1947ರಲ್ಲಿ ‘ಕೃಷ್ಣಲೀಲಾ’, 1949ರಲ್ಲಿ ‘ನಾಗಕನ್ನಿಕಾ’, 1951ರಲ್ಲಿ ‘ಜಗನ್ಮೋಹಿನಿ’. ಹೌದು, ಆ ಹೆಸರು ಮೊದಲು ಬಂದದ್ದು ಕನ್ನಡದಲ್ಲೇ. ಶಂಕರ್ ಸಿಂಗ್ ನಿರ್ದೇಶಿಸಿದ ಆ ಚಿತ್ರದಲ್ಲಿ ಹರಿಣಿ ಈಜುಡುಗೆ ತೊಟ್ಟದ್ದು ಆ ಕಾಲಕ್ಕೆ ದೊಡ್ಡ ಗದ್ದಲದ ಸುದ್ದಿ. ಚಿತ್ರ ಜೋರಾಗಿ ಓಡಿತು. ಅದು ಬೇರೆ ಕಥೆಯ ಚಿತ್ರ. ಇಪ್ಪತ್ತೇಳು ವರ್ಷ ಆದ ಮೇಲೆ ಅದೇ ಹೆಸರನ್ನು ವಿಠಲಾಚಾರ್ಯರು ತಮ್ಮ ದೆವ್ವಕ್ಕೆ ಇಟ್ಟರು.

ಪಾಲುದಾರರು ಒಬ್ಬೊಬ್ಬರಾಗಿ ಹೊರಟುಹೋದರು. 1953ರಲ್ಲಿ ವಿಠಲಾಚಾರ್ಯರು ವಿಠಲ್ ಪ್ರೊಡಕ್ಷನ್ಸ್ ಅನ್ನೋ ತಮ್ಮದೇ ಸಂಸ್ಥೆ ಶುರು ಮಾಡಿದರು. ಆ ಕಾಲದಲ್ಲಿ ಅವರು ಕನ್ನಡದಲ್ಲಿ ನಿರ್ದೇಶಿಸಿದ ಚಿತ್ರಗಳ ಹೆಸರು ಕೇಳಿ: ‘ಕನ್ಯಾದಾನ’, ‘ಮುತ್ತೈದೆ ಭಾಗ್ಯ’, ‘ಮನೆ ತುಂಬಿದ ಹೆಣ್ಣು’. ದೆವ್ವ ಇಲ್ಲ, ಮಾಯೆ ಇಲ್ಲ. ಮದುವೆ, ಮನೆ, ಸೊಸೆ, ಸಂಸಾರ. ಈ ಹೆಸರುಗಳನ್ನು ನೆನಪಿಟ್ಕೊಳ್ಳಿ, ಮತ್ತೆ ಬೇಕಾಗುತ್ತೆ.

ಕನ್ನಡದಲ್ಲೇ ಯಾಕೆ ಉಳೀಲಿಲ್ಲ? ಉತ್ತರದಲ್ಲಿ ಗುಟ್ಟೇನೂ ಇಲ್ಲ. ದಕ್ಷಿಣದ ಸಿನಿಮಾಕ್ಕೆ ಬೇಕಾದ ಸ್ಟುಡಿಯೊ, ಲ್ಯಾಬೊರೇಟರಿ, ತಂತ್ರಜ್ಞರು ಎಲ್ಲ ಆಗ ಮದ್ರಾಸಿನಲ್ಲಿದ್ದರು. ಕನ್ನಡ ಮಾತಾಡೋ ಪ್ರದೇಶ 1956ರವರೆಗೆ ಬೇರೆ ಬೇರೆ ಆಡಳಿತದಲ್ಲಿ ಚೂರಾಗಿ ಹಂಚಿಹೋಗಿತ್ತು. ಕನ್ನಡ ಚಿತ್ರದ ಮಾರುಕಟ್ಟೆ ಚಿಕ್ಕದು, ತೆಲುಗಿನದು ದೊಡ್ಡದು. ಅವರು ಮದ್ರಾಸಿಗೆ ಹೋದರು. ತಮ್ಮ ‘ಕನ್ಯಾದಾನ’ವನ್ನೇ 1955ರಲ್ಲಿ ತೆಲುಗಿನಲ್ಲಿ ಮತ್ತೆ ಮಾಡಿದರು. 1959ರ ‘ಜಯ ವಿಜಯ’ದ ನಂತರ ದಾರಿ ಸ್ಪಷ್ಟ ಆಯಿತು: ರಾಜಕುಮಾರ, ಮಾಂತ್ರಿಕ, ಹಾರುವ ಚಾಪೆ, ಮಾತಾಡುವ ಪ್ರಾಣಿ, ತಲೆಬುರುಡೆ, ಪಿಶಾಚಿ.

ಕತ್ತಿವರಸೆಗೆ ಹೆಸರಾದ ಕಾಂತಾರಾವ್ ಅವರ ಎಷ್ಟೋ ಚಿತ್ರಗಳಿಗೆ ನಾಯಕ. 1963ರ ‘ಬಂದಿಪೋಟು’ ಚಿತ್ರಕ್ಕೆ ಎನ್.ಟಿ. ರಾಮರಾವ್ ಬಂದರು. ಆಮೇಲೆ ‘ಅಗ್ಗಿ ಪಿಡುಗು’, ‘ಮಂಗಮ್ಮ ಶಪಥಂ’, ‘ಲಕ್ಷ್ಮೀ ಕಟಾಕ್ಷಂ’ ಅಂತ ಸಾಲು ಸಾಲು. 1967ರ ‘ಚಿಕ್ಕಡು ದೊರಕಡು’ ಚಿತ್ರದಲ್ಲಿ ರಾಮರಾವ್ ಜೊತೆ ನಟಿಸಿದ ಜಯಲಲಿತಾ ಹುಟ್ಟಿದ್ದು ನಮ್ಮ ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ. ಉದ್ಯಾವರದ ನಿರ್ದೇಶಕ, ಮೇಲುಕೋಟೆಯಲ್ಲಿ ಹುಟ್ಟಿದ ನಾಯಕಿ, ಮದ್ರಾಸಿನಲ್ಲಿ ತೆಲುಗು ಸಿನಿಮಾ!

ಈಗ ತಂತ್ರದ ಮಾತಿಗೆ ಬರೋಣ. ಆಗ ಕಂಪ್ಯೂಟರ್ ಗ್ರಾಫಿಕ್ಸ್ ಇಲ್ಲ. ಮನುಷ್ಯ ಇದ್ದಕ್ಕಿದ್ದ ಹಾಗೆ ಮಾಯ ಆಗಬೇಕಾದರೆ ಕ್ಯಾಮೆರಾ ನಿಲ್ಲಿಸಿ, ನಟನನ್ನು ಆಚೆ ಕಳಿಸಿ, ಮತ್ತೆ ಓಡಿಸಬೇಕು. ಮಿಕ್ಕವರು ಇದ್ದಲ್ಲೇ ಕಲ್ಲಾಗಿ ನಿಂತಿರಬೇಕು. 1890ರ ದಶಕದಲ್ಲಿ ಪ್ಯಾರಿಸ್‌ನ ಜಾದೂಗಾರ ಜಾರ್ಜ್ ಮೆಲಿಯೆ ಬಳಸಿದ ಉಪಾಯ ಇದೇ. ದೆವ್ವದ ಮೈ ಗಾಜಿನ ಹಾಗೆ ಕಾಣಬೇಕಾದರೆ ಒಂದೇ ಫಿಲ್ಮನ್ನು ಎರಡು ಸಲ ಬೆಳಕಿಗೆ ಒಡ್ಡಬೇಕು: ಮೊದಲು ಬರೀ ಮನೆ, ಆಮೇಲೆ ಫಿಲ್ಮು ಹಿಂದಕ್ಕೆ ಸುತ್ತಿ ಕಪ್ಪು ಪರದೆ ಮುಂದೆ ದೆವ್ವ. ಒಬ್ಬನೇ ನಟ ಎರಡು ಪಾತ್ರದಲ್ಲಿ ಎದುರುಬದುರು ನಿಲ್ಲಬೇಕಾದರೆ ಲೆನ್ಸಿನ ಅರ್ಧ ಮುಚ್ಚಿ ಒಂದು ಕಡೆ ತೆಗೆದು, ಇನ್ನರ್ಧ ಮುಚ್ಚಿ ಇನ್ನೊಂದು ಕಡೆ ತೆಗೆಯಬೇಕು. ಸೆಕೆಂಡಿಗೆ 24 ಚೌಕಟ್ಟು. ಹಿಂದಕ್ಕೆ ಸುತ್ತುವಾಗ ಎಣಿಕೆ ತಪ್ಪಿದರೆ, ಕ್ಯಾಮೆರಾ ಕೂದಲೆಳೆಯಷ್ಟು ಅಲುಗಿದರೆ, ಎರಡು ಸಲದ ಕೆಲಸವೂ ಒಟ್ಟಿಗೆ ಹಾಳು. ಸರಿ ಬಂತೋ ಇಲ್ಲವೋ ಅಂತ ಗೊತ್ತಾಗೋದು ಲ್ಯಾಬಿನಲ್ಲಿ ಫಿಲ್ಮು ತೊಳೆದ ಮೇಲೆ.

ಫಿಲ್ಮು ದುಬಾರಿ. ಹಾಗಾಗಿ ಇಂಥ ಕೆಲಸ ಮಾಡೋರಿಗೆ ಸೆಟ್ಟಿಗೆ ಬಂದು ಯೋಚನೆ ಮಾಡ್ತೀನಿ ಅನ್ನೋ ಸವಲತ್ತು ಇರಲಿಲ್ಲ. ಎಲ್ಲ ಮೊದಲೇ ಕಾಗದದ ಮೇಲೆ ಆಗಬೇಕಿತ್ತು. ವಿಠಲಾಚಾರ್ಯರಿಗೆ ಹೆಸರು ಬಂದದ್ದೇ ಈ ಶಿಸ್ತಿನಿಂದ. ಹೇಳಿದ ದಿನಕ್ಕೆ ಚಿತ್ರೀಕರಣ ಮುಗಿಸೋದು, ಒಂದೇ ಸೆಟ್ಟಿನ ಪರದೆ ಕಂಬ ಬದಲಾಯಿಸಿ ಇನ್ನೊಂದು ಅರಮನೆ ಮಾಡೋದು, ಒಪ್ಪಿಕೊಂಡ ದುಡ್ಡನ್ನು ಹೇಳಿದ ಹೊತ್ತಿಗೆ ಕೊಡೋದು. ಕಡಿಮೆ ಖರ್ಚು ಅಂದ ತಕ್ಷಣ ಕೆಲಸದವರ ಹೊಟ್ಟೆ ಮೇಲೆ ಹೊಡೆಯೋದು ಅಂತ ನಾವು ಅಂದ್ಕೊಳ್ತೀವಿ. ಇಲ್ಲಿ ಉಳಿತಾಯ ಆಗ್ತಿದ್ದದ್ದು ವೇಳೆಯಲ್ಲಿ ಮತ್ತು ಸಾಮಾನಿನಲ್ಲಿ.

ಅವರ ಬಗ್ಗೆ ಚಿತ್ರರಂಗದಲ್ಲಿ ಓಡಾಡೋ ಒಂದು ತಮಾಷೆ ಕಥೆ ಇದೆ. ಯಾರಾದರೂ ನಟ ಮಧ್ಯದಲ್ಲಿ ಸಂಭಾವನೆ ಜಾಸ್ತಿ ಕೇಳಿದರೆ, ಕಾಲ್‌ಶೀಟ್ ಕೊಡದೆ ಸತಾಯಿಸಿದರೆ, ಆಚಾರ್ಯರು ಜಗಳ ಆಡ್ತಿರಲಿಲ್ಲವಂತೆ. ಕಥೆಯೊಳಗೆ ಒಬ್ಬ ಮಾಂತ್ರಿಕನನ್ನು ತಂದು, ಶಾಪ ಹಾಕಿಸಿ, ಆ ನಟನ ಪಾತ್ರವನ್ನು ಮೇಕೆಯನ್ನೋ ಗಿಣಿಯನ್ನೋ ಮಾಡಿಬಿಡ್ತಿದ್ದರಂತೆ. ಉಳಿದ ಚಿತ್ರ ಮೇಕೆ ಜೊತೆ! ನಿಜವೋ ಕಟ್ಟುಕಥೆಯೋ, ಆ ಮನುಷ್ಯನ ಬಗ್ಗೆ ಜನ ಏನು ನಂಬಿದ್ದರು ಅನ್ನೋದಂತೂ ಇದರಲ್ಲಿದೆ.

ಎಪ್ಪತ್ತರ ದಶಕದ ಹೊತ್ತಿಗೆ ರಾಜಕುಮಾರರ ಕಥೆ ಹಳೆಯದಾಯಿತು, ದೊಡ್ಡ ನಾಯಕರು ಬೇರೆ ಕಡೆ ಹೊರಳಿದರು. ಅರವತ್ತು ಹತ್ತಿರ ಬಂದಿದ್ದ ಆಚಾರ್ಯರು ಆಗ ಮಾಡಿದ್ದು ‘ಜಗನ್ಮೋಹಿನಿ’. ನರಸಿಂಹರಾಜು, ಪ್ರಭಾ, ಜಯಮಾಲಿನಿ. ಆ ಕಾಲದ ದೊಡ್ಡ ಹೀರೋ ಯಾರೂ ಇಲ್ಲ. ಹಿಂದಿನ ಜನ್ಮದಲ್ಲಿ ಮೋಸಹೋದ ಹೆಣ್ಣು ಮೋಹಿನಿಯಾಗಿ ಬಂದು, ಮೋಸ ಮಾಡಿದವನ ಈ ಜನ್ಮದ ಸಂಸಾರದೊಳಗೆ ನುಗ್ಗುತ್ತಾಳೆ. ದೇವರನ್ನು ನಂಬಿದ ಹೆಂಡತಿ ಮನೆ ಉಳಿಸಿಕೊಳ್ಳಬೇಕು. ಚಿತ್ರ ತೆಲುಗಿನಲ್ಲಿ ಗೆದ್ದಿತು, ತಮಿಳಿಗೆ ಡಬ್ ಆಗಿ ಅಲ್ಲೂ ಗೆದ್ದಿತು. 2009ರಲ್ಲಿ ತಮಿಳಿನವರು ಅದನ್ನು ಮತ್ತೆ ಮಾಡಿದರು.

ಇಲ್ಲೇ ಆ ಹಳೆಯ ಕನ್ನಡ ಹೆಸರುಗಳು ನಮಗೆ ಬೇಕಾಗೋದು. ಹಿಂದಿಯಲ್ಲಿ ರಾಮ್ಸೆ ಸಹೋದರರು ಕಡಿಮೆ ದುಡ್ಡಿನಲ್ಲಿ ದೆವ್ವದ ಚಿತ್ರ ಮಾಡಿದವರು. 1972ರ ‘ದೋ ಗಜ್ ಜಮೀನ್ ಕೆ ನೀಚೆ’, 1984ರ ‘ಪುರಾನಾ ಮಂದಿರ್’. ಅವರ ದೆವ್ವಕ್ಕೆ ಊರಾಚೆಯ ಹಳೇ ಹವೇಲಿ ಬೇಕು, ಮಂಜು ಬೇಕು, ಕಿರುಗುಟ್ಟುವ ಬಾಗಿಲು ಬೇಕು. ಅಮೆರಿಕದಲ್ಲಿ ರೋಜರ್ ಕೊರ್ಮನ್ 1960ರಲ್ಲಿ ನರಭಕ್ಷಕ ಗಿಡದ ಚಿತ್ರವೊಂದನ್ನು, ಬೇರೆ ಚಿತ್ರಕ್ಕೆ ಹಾಕಿ ಉಳಿದಿದ್ದ ಸೆಟ್ಟಿನಲ್ಲಿ, ಹೆಚ್ಚುಕಡಿಮೆ ಎರಡೇ ದಿನದಲ್ಲಿ ತೆಗೆದು ಮುಗಿಸಿದರು. ಉಳಿತಾಯದಲ್ಲಿ ಆಚಾರ್ಯರು ಇವರ ಬಂಧು. ಆದರೆ ‘ಜಗನ್ಮೋಹಿನಿ’ಯ ದೆವ್ವ ಹಾಳು ಹವೇಲಿಯಲ್ಲಿ ಕಾಯ್ತಾ ಕೂರೋದಿಲ್ಲ. ಜನ ಇರೋ ಮನೆಗೇ ಬರುತ್ತೆ, ಅಡುಗೆಗೆ ಕೂರುತ್ತೆ. ‘ಮನೆ ತುಂಬಿದ ಹೆಣ್ಣು’ ಮಾಡಿದ ನಿರ್ದೇಶಕನಿಗೆ ಸಂಸಾರದ ಭಯ ಯಾವುದು ಅಂತ ಗೊತ್ತಿತ್ತು: ಮನೆಯೊಳಗೆ ಬಂದವಳು ಯಾರು, ಅವಳು ಬಡಿಸಿದ ಅನ್ನ ಎಂಥದ್ದು?

ನಮ್ಮ ಕಡೆಯವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. 1990ರ ದಶಕದಲ್ಲಿ ರಾತ್ರಿ ಹೊತ್ತು ಗೊತ್ತಿರೋ ದನಿಯಲ್ಲಿ ಹೆಸರು ಹಿಡಿದು ಕರೆಯೋ ದೆವ್ವದ ಸುದ್ದಿ ಕರ್ನಾಟಕದ ಊರೂರಿಗೂ ಹಬ್ಬಿತ್ತು. ಜನ ಬಾಗಿಲ ಮೇಲೆ ನಾಳೆ ಬಾ ಅಂತ ಬರೆದರು. ಆ ಭಯ ಇದ್ದದ್ದು ಹೊಸಿಲಲ್ಲಿ. ಅದಕ್ಕೆ ಕಂಡುಕೊಂಡ ಪರಿಹಾರದ ಬಜೆಟ್ಟು ಒಂದು ಚೂರು ಸೀಮೆಸುಣ್ಣ.

ಹಾಗಂತ ಎಲ್ಲವನ್ನೂ ಹೊಗಳೋಕೆ ಆಗಲ್ಲ. ‘ಜಗನ್ಮೋಹಿನಿ’ಯ ಕಥೆಯನ್ನೇ ತಿರುಗಿಸಿ ನೋಡಿ. ತಪ್ಪು ಮಾಡಿದವನು ಗಂಡಸು. ರಾಕ್ಷಸಿ ಆಗೋದು ಮೋಸಹೋದವಳು. ಅವನನ್ನು ಉಳಿಸೋಕೆ ಕಷ್ಟಪಡೋದು ಹೆಂಡತಿ. ಅವನಿಗೆ ಮಾತ್ರ ಇನ್ನೊಂದು ಜನ್ಮ, ಇನ್ನೊಂದು ಸಂಸಾರ! ದೆವ್ವದ ವೇಷದಲ್ಲಿ ಜಯಮಾಲಿನಿಯವರನ್ನು ಕ್ಯಾಮೆರಾ ನೋಡೋ ರೀತಿಯೂ ಇವತ್ತು ಮುಜುಗರ ತರುತ್ತೆ. ನಾವು ಈ ಬಗೆಯ ಚಿತ್ರ ಮಾಡೋದಾದರೆ ಆಚಾರ್ಯರ ಒಲೆಯನ್ನು ತಗೊಳ್ಳೋಣ, ನ್ಯಾಯವನ್ನು ಬೇರೆ ಕಡೆಯಿಂದ ತರೋಣ. ಆ ಮೋಹಿನಿಯ ಕಡೆಯಿಂದ ಕಥೆ ಹೇಳಿದರೆ ಹೇಗಿರುತ್ತೆ ಅಂತ ನಮ್ಮ ಸಂಘದ ಹುಡುಗಿಯರು ಈಗಾಗಲೇ ಕೇಳಿದ್ದಾರೆ. ಒಳ್ಳೆಯ ಪ್ರಶ್ನೆ, ಅದಕ್ಕೆ ಒಂದು ಪೈಸೆಯೂ ಜಾಸ್ತಿ ಖರ್ಚಿಲ್ಲ.

ಎಂಬತ್ತರ ದಶಕದಲ್ಲಿ ‘ನವಮೋಹಿನಿ’, ‘ಮೋಹಿನಿ ಶಪಥಂ’ ಬಂದವು. ಅದೇ ದಾರಿ, ಹಳೆಯ ಬಿಸಿ ಇಲ್ಲ. ತೊಂಬತ್ತರ ದಶಕದ ಆರಂಭದವರೆಗೂ ಆಚಾರ್ಯರು ಕೆಲಸ ಮಾಡಿದರು. 1999ರ ಮೇ ತಿಂಗಳಲ್ಲಿ ತೀರಿಕೊಂಡರು. ಆ ಹೊತ್ತಿಗೆ ತೆಲುಗಿನಲ್ಲಿ ಅವರ ಹೆಸರು ಒಂದು ಮಾತೇ ಆಗಿಹೋಗಿತ್ತು. ನಂಬೋಕಾಗದ ಚಮತ್ಕಾರ ಕಂಡರೆ ವಿಠಲಾಚಾರ್ಯರ ಸಿನಿಮಾ ಅಂತಾರೆ. ಅದರಲ್ಲಿ ನಗೆಯೂ ಇದೆ, ಪ್ರೀತಿಯೂ ಇದೆ. ನಮ್ಮಲ್ಲಿ ಎರಡೂ ಇಲ್ಲ. ಕನ್ನಡ ದೆವ್ವದ ಚಿತ್ರ ಅಂದ್ರೆ ನಾವು 1979ರ ‘ನಾ ನಿನ್ನ ಬಿಡಲಾರೆ’ ಹೇಳ್ತೀವಿ, 2004ರ ‘ಆಪ್ತಮಿತ್ರ’ ಹೇಳ್ತೀವಿ, ಕಡಿಮೆ ದುಡ್ಡಿನ ಮಾತು ಬಂದರೆ 2013ರ ‘6-5=2’ ಹೇಳ್ತೀವಿ. ಮೈಸೂರಿನಲ್ಲಿ ಕಂಪನಿ ಕಟ್ಟಿ, ಹಾಸನ ಸೀಮೆಯ ಟೆಂಟಿನಲ್ಲಿ ಸಿನಿಮಾ ಕಲಿತು, ನೆರೆಯ ಭಾಷೆಗೆ ಒಂದು ಇಡೀ ಪ್ರಕಾರವನ್ನೇ ಗಟ್ಟಿ ಮಾಡಿಕೊಟ್ಟವರು ನಮ್ಮ ಲೆಕ್ಕದಿಂದ ಬಿಟ್ಟುಹೋಗಿದ್ದಾರೆ.

ಲೆಕ್ಕಕ್ಕೆ ತಗೊಳ್ಳೋಕೆ ಎರಡು ಕೆಲಸ ಮಾಡೋಣ. ಒಂದು, ಮುಂದಿನ ಮೀಟಿಂಗಿನಲ್ಲಿ ಕ್ಯಾಮೆರಾ ಬಾಡಿಗೆ ಮಾತು ಕೊನೆಗಿರಲಿ. ಯಾರ ಮನೆ, ಆ ಮನೆಯಲ್ಲಿ ಯಾರ್ಯಾರು, ಅಡುಗೆಮನೆಯಲ್ಲಿ ಕೂತಿರೋದು ಯಾರು ಅನ್ನೋದು ಮೊದಲು ಕಾಗದದ ಮೇಲೆ ಬರಲಿ. ಕೈಯಲ್ಲಿರೋ ಫೋನು ಸಾಕು. ಎರಡು ಸಲ ಫಿಲ್ಮು ಸುತ್ತಿ ಚೌಕಟ್ಟು ಎಣಿಸೋ ಕಷ್ಟವಂತೂ ನಮಗಿಲ್ಲ. ಎರಡು, ಈ ಸಲ ಊರಿಗೆ ಹೋದಾಗ ಅಜ್ಜ ಅಜ್ಜಿಯನ್ನು ಕೇಳಿ: ನಮ್ಮೂರಲ್ಲಿ ಟೆಂಟು ಹಾಕ್ತಿದ್ದದ್ದು ಯಾವ ಬಯಲಲ್ಲಿ, ಅಲ್ಲಿ ಯಾವ ದೆವ್ವ ನೋಡಿ ಹೆದರಿದ್ರಿ? ಪಾಂಡವಪುರ, ಶ್ರೀರಂಗಪಟ್ಟಣ, ನಾಗಮಂಗಲ, ಕೆ.ಆರ್.ಪೇಟೆ, ಯಾವ ಕಡೆಯವರಾದರೂ ಸರಿ. ಕೇಳಿದ್ದನ್ನು ಬರೆದು ಸಂಘಕ್ಕೆ ಕೊಡಿ, ಮುಂದಿನ ಸಂಚಿಕೆಯಲ್ಲಿ ಹಾಕೋಣ.